ಮೊದಲ ಹತ್ತು ಸಾಲು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎಂದು ನನಗೆ ಕಲಿಸಿದವಳು ಅಮ್ಮ. ಕಂಪ್ಯೂಟರಿನಲ್ಲೂ ಅಂಥದೊಂದು ಉಪಾಯವಿದೆ ಎಂದು ತೋರಿಸಿದವನು ಮಗ. ತನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ನನಗೆ ಕೊಟ್ಟಿದ್ದ. ಕರಿಯ ಪರದೆಯಲ್ಲಿ ‘ಹೆಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಕಡತದ ಹೆಸರು ಬರೆದು ಎಂಟರ್ ಒತ್ತಿದರೆ ಅದರ ಮೊದಲ 10 ಸಾಲು ಕಾಣಿಸುತ್ತದೆ. ಕಡತ ಎಷ್ಟೇ ದೊಡ್ಡದಿರಲಿ, ಪೂರ್ತಿ ತೆರೆಯುವ ಗೋಜಿಲ್ಲ. ಮೂರೇ ಸಾಲು ಸಾಕೆಂದರೆ ನಡುವೆ ಒಂದು ಅಡ್ಡಗೆರೆ, ಎನ್ ಅಕ್ಷರ, 3 ಎಂದು ಸೇರಿಸಿದರಾಯಿತು. ಕೊನೆಯ ಸಾಲುಗಳಿಗೆ ‘ಟೇಲ್’ ಇದೆ. ತಲೆ, ಬಾಲ! ಹೆಸರಿಟ್ಟವರು ದನ ಕಟ್ಟಿದವರೇ ಇರಬೇಕು ಎಂದು ನಕ್ಕಿದ್ದೆ.

ಎನ್ ಬದಲು ಸಿ ಎಂದರೆ ಸಾಲಿನ ಲೆಕ್ಕವಲ್ಲ, ಬೈಟಿನ ಲೆಕ್ಕ. ಹತ್ತು ಕೇಳಿದೆ. ಮೂರು ಅಕ್ಷರ ಬಂದು, ನಾಲ್ಕನೆಯದರ ಜಾಗದಲ್ಲಿ ಪ್ರಶ್ನೆ ಚಿಹ್ನೆ ಕುಳಿತಿತ್ತು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕಂತೆ, ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಮೂರು ಬೇಕಂತೆ. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ತರಗತಿಯಲ್ಲಿ ಹೇಳಿಕೊಂಡು ಬಂದವಳ ಕಣ್ಣೆದುರೇ ಅಕ್ಷರವೊಂದು ತುಂಡಾಗಿ ಬಿದ್ದಿತ್ತು.

ಅದು ಆಟ. ಆಮೇಲಿನದು ಆಟವಲ್ಲ.

2019ರ ಬೇಸಿಗೆ ರಜೆಯಲ್ಲಿ ಅಮ್ಮ ತನ್ನ ತವರಿನ ಕಥೆ ಹೇಳಿದಳು, ನಾನು ಟೈಪ್ ಮಾಡಿದೆ. ದೀಪಾವಳಿಗೆ ಬಂದಾಗ, ‘ಅವತ್ತು ಒಂದು ಬಿಟ್ಟಿದ್ದೆ ಕಣೇ’ ಎಂದು ಅಜ್ಜ ತನ್ನನ್ನು ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ದಿನದ ಮಾತು ತೆಗೆದಳು. ಹಳೆಯ ಕಡತದ ನಕಲು ಮಾಡಿ, ಅದರ ನಡುವೆ ಅದನ್ನು ಸೇರಿಸಿದೆ. ಒಂದರ ಹೆಸರು ‘ಅಮ್ಮ’, ಇನ್ನೊಂದರದು ‘ಅಮ್ಮನ ಕಥೆ’. 2021ರಲ್ಲಿ ಅಮ್ಮ ಹೋದಳು.

2023ರಲ್ಲಿ ಒಂದು ಭಾನುವಾರ, ಬೀರು ಜೋಡಿಸುವ ಹುರುಪಿನಲ್ಲೇ ಕಡತಗಳನ್ನೂ ಜೋಡಿಸಲು ಕುಳಿತೆ. ಎರಡಕ್ಕೂ ಹೆಡ್ ಹಾಕಿ ನೋಡಿದೆ. ಹತ್ತಕ್ಕೆ ಹತ್ತೂ ಸಾಲು ಒಂದೇ. ಸರಿ, ಎರಡೆರಡು ಯಾಕೆ ಎಂದು ಒಂದನ್ನು ಅಳಿಸಿದೆ. ಆ ಕರಿಯ ಪರದೆಯಲ್ಲಿ ‘ಆರ್‌ಎಂ’ ಎಂದು ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ನಿಜವಾಗಿಯೂ ಅಳಿಸಬೇಕೇ ಎಂದು ಸಾಮಾನ್ಯವಾಗಿ ಕೇಳುವುದೂ ಇಲ್ಲ. ಉತ್ತರಪತ್ರಿಕೆಯ ಮೊದಲ ನಾಲ್ಕು ಸಾಲು ಓದಿ ಅಂಕ ಹಾಕುತ್ತಾರೆಂದು ಸಹೋದ್ಯೋಗಿಗಳೊಡನೆ ಜಗಳವಾಡಿದವಳು ನಾನು!

ರಾತ್ರಿ ಉಳಿದ ಕಡತ ತೆರೆದಾಗ ಅದರಲ್ಲಿ ಶಾಲೆ ಬಿಡಿಸಿದ ಮಾತು ಇರಲಿಲ್ಲ.

ಮಗನಿಗೆ ಫೋನ್ ಮಾಡಿದೆ. ಬೇರೆ ಕಡೆ ಪ್ರತಿ ಇಟ್ಟಿದ್ದೀಯಾ ಎಂದ. ಇಲ್ಲ. ಟೇಲ್ ಹಾಕಿದ್ದರೂ ಗೊತ್ತಾಗುತ್ತಿರಲಿಲ್ಲ, ಕೊನೆಯೂ ಒಂದೇ ಅಲ್ಲವೇ, ಎರಡನ್ನು ಸಾಲುಸಾಲಾಗಿ ಹೋಲಿಸಲು ‘ಡಿಫ್’ ಎಂದೇ ಒಂದಿದೆ ಎಂದ. ನನಗೆ ಸಿಟ್ಟು ಬಂತು. ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. ಪಾಪ, ಅವನದೇನು ತಪ್ಪು?

ಈಗ ನೋಟುಪುಸ್ತಕದಲ್ಲಿ ಕೈಯಿಂದಲೇ ಬರೆಯಲು ಕುಳಿತಿದ್ದೇನೆ. ಅಜ್ಜ ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ ‘ಇನ್ನು ಸಾಕು’ ಅಂದರು, ಅಲ್ಲಿಯವರೆಗೆ ನೆನಪಿದೆ. ಅದಕ್ಕೆ ಅಮ್ಮ ಏನೋ ಅಂದಿದ್ದಳು, ಹೇಳುವಾಗ ನಕ್ಕಿದ್ದಳು ಕೂಡ. ಆ ಮಾತು ಮಾತ್ರ ಬರುತ್ತಿಲ್ಲ.