ಜೋಕುಮಾರನ ಬುಟ್ಟಿ, ಡೆಟ್ರಾಯಿಟಿನ ಹುಲಿ

ಐಹೊಳೆಯ ಕಡೆ ಗಣಪ್ಪ ಹೊಳೆಗೆ ಹೋದ ಬೆನ್ನಿಗೇ ಜೋಕುಮಾರ ಬರುತ್ತಾನೆ. ಮಲಪ್ರಭೆ ತನ್ನ ಕೆಂಪು ಬಣ್ಣ ಕಳೆದು ತಿಳಿಯಾಗುವ, ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬಿತ್ತುವ ದಿನಗಳವು. ಭಾದ್ರಪದದಿಂದ ಕಾರ್ತಿಕದವರೆಗಿನ ಆ ಎರಡು ತಿಂಗಳಲ್ಲಿ ನಾವು ಮಕ್ಕಳು ಮನೆಯಲ್ಲಿ ಕೂತದ್ದು ಕಡಿಮೆ. ಗುಡಿಗಳ ನಡುವಿನ ಬಯಲಿನಲ್ಲಿ ಚಿಣಿಫಣಿ, ಹುತುತು, ಲಗೋರಿ. ಲಾಡಖಾನ್ ಗುಡಿಯ ಹತ್ತಿರ ಚಿಣಿ ಬಿದ್ದರೆ ತರಲು ಹೋದವನು ಅಲ್ಲೇ ಕಂಬಕ್ಕೊರಗಿ ಕೂತುಬಿಡುತ್ತಿದ್ದ. ಚಾಲುಕ್ಯರು ಕಟ್ಟಿದ ಆ ಗುಡಿಗೆ, ಒಂದು ಕಾಲಕ್ಕೆ ಅದರೊಳಗೆ ವಾಸವಾಗಿದ್ದ ಮುಸಲ್ಮಾನನ ಹೆಸರೇ ಉಳಿದುಕೊಂಡಿದೆ. ನಮಗಾಗ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಮನೆಯಲ್ಲಿ ಯಾರಿದ್ದರೋ ಮನೆಗೆ ಅವರ ಹೆಸರು, ಅಷ್ಟೇ.

ಜೋಕುಮಾರನನ್ನು ತರುತ್ತಿದ್ದವರು ಅಂಬಿಗರ ಹೆಣ್ಣುಮಕ್ಕಳು. ಬುಟ್ಟಿಯ ತುಂಬ ಬೇವಿನ ತಪ್ಪಲು, ಅದರ ನಡುವೆ ದೊಡ್ಡ ಕಣ್ಣು, ಹುರಿಮೀಸೆಯ ಮಣ್ಣಿನ ಜೋಕುಮಾರ, ಬಾಯಿಗೆ ಮೆತ್ತಿದ ಬೆಣ್ಣೆ. ಮನೆ ಮುಂದೆ ಬುಟ್ಟಿ ಇಳಿಸಿ ಹಾಡುತ್ತಿದ್ದರು. ಹಾಡಿನ ಕೆಲವು ಮಾತು ಕೇಳಿ ಹಿರಿಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು, ನಮ್ಮನ್ನು ಒಳಗೆ ಅಟ್ಟುತ್ತಿದ್ದರು. ಗಣಪ್ಪ ಕಡುಬು ತಿಂದು ಹೋಗಿ ಶಿವನ ಮುಂದೆ ಎಲ್ಲರೂ ಸುಖವಾಗಿದ್ದಾರೆಂದು ಹೇಳುತ್ತಾನಂತೆ. ಜೋಕುಮಾರ ಹಾಗಲ್ಲ. ಓಣಿ ಓಣಿ ತಿರುಗಿ, ಒಣಗಿದ ಹೊಲ, ಬರಿದಾದ ಗಡಿಗೆ ಕಂಡು, ಮಳೆ ಬೇಕೆಂದು ಕೇಳುತ್ತಾನಂತೆ. ಅವನಿಗೆ ಏಳೇ ದಿನದ ಆಯುಸ್ಸು. ಹುಣ್ಣಿಮೆಯ ಹೊತ್ತಿಗೆ ಮುಗಿದುಹೋಗುತ್ತಾನೆ. ನಿಜ ಹೇಳಿ ಬದುಕಿದವರು ಕಡಿಮೆ ಎಂದು ಇಲ್ಲಿ ಬೇಕಾದವರು ಅಂದುಕೊಳ್ಳಬಹುದು.

ನಮ್ಮ ದಾದಿ ಐದು ಹೊತ್ತಿನ ನಮಾಜು ಬಿಟ್ಟವರಲ್ಲ. ಬುಟ್ಟಿಗೆ ಅವರು ಕೈಮುಗಿಯುತ್ತಿರಲಿಲ್ಲ. ಆದರೆ ಮೊರದ ತುಂಬ ಜೋಳ ತಂದು ಸುರಿಯುತ್ತಿದ್ದರು. ಯಾರೋ ಕೇಳಿದ್ದಕ್ಕೆ, “ನಾ ಕೊಟ್ಟಿದ್ದು ಬುಟ್ಟ್ಯಾಗ ಇರಾಂವಗಲ್ಲ, ಬುಟ್ಟಿ ಹೊತ್ತಾಕಿಗೆ” ಅಂದಿದ್ದರು. ಬದಲಿಗೆ ಅವರು ಕೊಡುತ್ತಿದ್ದ ಬೇವಿನ ತಪ್ಪಲು, ಅಂಬಲಿ ನಮ್ಮ ಹೊಲಕ್ಕೆ ಹೋಗುತ್ತಿದ್ದವು, ಬೆಳೆಗೆ ಹುಳ ಬೀಳಬಾರದೆಂದು. ಹೊಲ ಮಾಡುತ್ತಿದ್ದವರ ನಂಬಿಕೆ ಅದು, ದಾದಿ ತಡೆಯಲಿಲ್ಲ.

ಆಮೇಲೆ ಬನ್ನಿ. ವಿಜಯದಶಮಿಯ ಸಂಜೆ ಶಾಲೆಯ ಗೆಳೆಯರು ಬನ್ನಿ ಎಲೆ ಹಿಡಿದು ಬಂದು ಅಬ್ಬಾನ ಕೈಯಲ್ಲಿಟ್ಟು ಕಾಲಿಗೆರಗುತ್ತಿದ್ದರು. ಅಬ್ಬಾ ಮುಜುಗರದಿಂದ ಅವರ ಭುಜ ಹಿಡಿದು ಎಬ್ಬಿಸುತ್ತಿದ್ದರು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ಆನೆ, ಕುದುರೆ, ತೇರು, ಎಲ್ಲಾ ಸಕ್ಕರೆಯವೇ. ಹುಡುಗಿಯರು ತಟ್ಟೆಯಲ್ಲಿ ಅವನ್ನಿಟ್ಟು ದೀಪ ಹಚ್ಚಿಕೊಂಡು ಗೌರಿಗೆ ಬೆಳಗಲು ಹೋಗುತ್ತಿದ್ದರು. ಮರುದಿನ ನಮ್ಮ ಪಾಲಿಗೊಂದು ಆನೆಯ ಕಾಲೋ ಕುದುರೆಯ ತಲೆಯೋ ಬರುತ್ತಿತ್ತು.

ನಾವು ಬರಿಗೈಯಲ್ಲಿ ಇದ್ದೆವೆಂದಲ್ಲ. ನಮ್ಮ ಕಡೆಯಿಂದ ಮೊಹರಂ ಇತ್ತು. ಪಂಜಾ ಕೂರುತ್ತಿದ್ದವು, ಹೆಜ್ಜೆ ಮೇಳದವರು ಕನ್ನಡದಲ್ಲೇ ರಿವಾಯತ್ ಹಾಡುತ್ತಿದ್ದರು, ಮನೆಗಳಲ್ಲಿ ಚೊಂಗೆ ಸುಡುತ್ತಿದ್ದರು. ಹರಕೆ ಹೊತ್ತು ಹುಲಿಯಾಗುತ್ತಿದ್ದವನು ಕುರುಬರ ಹುಡುಗ. ಮೈಗೆಲ್ಲ ಹಳದಿ, ಮೇಲೆ ಕರಿ ಪಟ್ಟೆ, ಸೊಂಟಕ್ಕೆ ಕಟ್ಟಿದ ಬಾಲ. ನಮ್ಮ ಬಾಲ್ಯದಲ್ಲಿ ಮೊಹರಂ ಆಗಸ್ಟ್-ಸೆಪ್ಟೆಂಬರಿನ ಮಳೆಯಲ್ಲಿ ಬರುತ್ತಿತ್ತು. ಮೂರನೆಯ ಓಣಿ ದಾಟುವುದರೊಳಗೆ ಹುಲಿಯ ಬಣ್ಣ ಇಳಿದು ಹುಡುಗ ಕಾಣುತ್ತಿದ್ದ. ಚಂದ್ರಮಾನದ ಲೆಕ್ಕದಲ್ಲಿ ಮೊಹರಂ ವರ್ಷ ವರ್ಷವೂ ಹಿಂದೆ ಸರಿಯುತ್ತದೆ. ಹಾಗೆ ಸುಮಾರು ಮೂವತ್ಮೂರು ವರ್ಷಕ್ಕೊಮ್ಮೆ ದಸರೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಎರಡೂ ಚಂದ್ರನ ಹತ್ತನೆಯ ದಿನಕ್ಕೆ ಸಂಬಂಧಿಸಿದವು ತಾನೆ. 2016ರಲ್ಲಿ ಅಕ್ಟೋಬರ್ 11ಕ್ಕೆ ವಿಜಯದಶಮಿ, 12ಕ್ಕೆ ಮೊಹರಂ. ಮರುವರ್ಷವೂ ಹಾಗೆಯೇ, ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 1. ಆ ಎರಡು ವರ್ಷ ಮನೆಯ ಒಂದೇ ತಾಟಿನಲ್ಲಿ ಚೊಂಗೆಯೂ ಬನ್ನಿ ಎಲೆಯೂ ಇದ್ದವು. ತಾಟು ಖಾಲಿ ಮಾಡಿ ಕೊಡುವಾಗ ಯಾವುದನ್ನು ಯಾರು ತಂದರೆಂದು ಅಮ್ಮಿಗೇ ಗೊತ್ತಿರಲಿಲ್ಲ.

ಈಚಿನ ವರ್ಷಗಳಲ್ಲಿ ಬುಟ್ಟಿ ನಮ್ಮ ಓಣಿಗೆ ಬರುತ್ತಿಲ್ಲ. ಬರಬೇಡಿ ಎಂದು ಯಾರೂ ಗಟ್ಟಿಯಾಗಿ ಹೇಳಿದ್ದಿಲ್ಲ. ನಮ್ಮ ಹುಡುಗರು ಕೆಲವರು ಇದೆಲ್ಲ ಶಿರ್ಕ್, ಕಾಳು ಕೊಡುವುದೂ ತಪ್ಪು ಎಂದರು. ಆ ಕಡೆಯ ಹುಡುಗರು ಕೆಲವರು, ಅವರ ಬಾಗಿಲಿಗೆ ನಮ್ಮ ದೇವರನ್ನೇಕೆ ಒಯ್ಯುತ್ತೀರಿ ಎಂದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಎಷ್ಟು ಚೆನ್ನಾಗಿ ಕೂಡಿ ಕೆಲಸ ಮಾಡಿದರು! ನಷ್ಟವಾದದ್ದು ಬುಟ್ಟಿ ಹೊರುವಾಕೆಗೆ. ವರ್ಷಕ್ಕೊಮ್ಮೆ ಸಿಗುತ್ತಿದ್ದ ಕಾಳು ಒಂದು ಓಣಿಯಷ್ಟು ಕಡಿಮೆಯಾಯಿತು. ಅವಳೀಗ ನಮಗೆ ಸಂತೆಯಲ್ಲಿ ಸಿಗುತ್ತಾಳೆ. ದಾದಿಯ ಹೆಸರು ತೆಗೆದು ಮಾತಾಡಿಸುತ್ತಾಳೆ, ನಮ್ಮ ಮಕ್ಕಳ ಹೆಸರು ಅವಳಿಗೆ ಗೊತ್ತಿಲ್ಲ.

ಇಂಥ ದಿನಗಳಲ್ಲೇ, 2025ರ ಅಕ್ಟೋಬರಿನಲ್ಲಿ, ಅಮೆರಿಕದಿಂದ ನಮ್ಮ ತಂಗಿಯ ಫೋನು ಬಂತು. ಅವಳ ಮನೆ ಇರುವುದು ಡೆಟ್ರಾಯಿಟ್ ಹತ್ತಿರ. ಆ ವಾರ ಮನೆಯಲ್ಲಿ ಸೂತಕವಂತೆ. ಆ ಊರಿನ ಬೇಸ್‌ಬಾಲ್ ತಂಡ, ಹೆಸರೇ ಟೈಗರ್ಸ್, ಅಕ್ಟೋಬರ್ 10ರ ರಾತ್ರಿ ಸಿಯಾಟಲ್ ತಂಡಕ್ಕೆ ಸೋತು ಸರಣಿಯಿಂದ ಹೊರಬಿದ್ದಿತ್ತು. ನಮ್ಮ ಚಿಣಿಫಣಿಯ ದೂರದ ನೆಂಟ ಆ ಆಟ. ಒಬ್ಬ ಎಸೆಯಬೇಕು, ಒಬ್ಬ ಹೊಡೆದು ಓಡಬೇಕು. ಒಂಬತ್ತು ಇನಿಂಗ್ಸಿಗೆ ಮುಗಿಯಬೇಕಾದ್ದು ಸಮವಾಗಿ ಹದಿನೈದರವರೆಗೆ ಎಳೆಯಿತು. ಮೂರಕ್ಕೆ ಎರಡರಲ್ಲಿ ಸೋಲು. ಮುಗಿದಾಗ ಅವರಲ್ಲಿ ರಾತ್ರಿ ಒಂದು ದಾಟಿತ್ತು. ತಂಗಿಯ ಗಂಡ ಫಜ್ರ್ ನಮಾಜಿಗೆ ಎದ್ದದ್ದೇ ದೊಡ್ಡದು.

ಆದರೆ ತಂಗಿ ಫೋನು ಮಾಡಿದ್ದು ಅದಕ್ಕಲ್ಲ. ಮಗಳ ಶಾಲೆಯ ವಾಹನ ನಿಲ್ಲಿಸುವ ಜಾಗದಲ್ಲಿ ಹ್ಯಾಲೋವೀನ್ ಕೂಟ. ಮನೆಯವರೆಲ್ಲ ಕಾರಿನ ಡಿಕ್ಕಿ ತೆರೆದು ಅಲಂಕರಿಸಿ ನಿಲ್ಲುತ್ತಾರೆ, ವೇಷ ಹಾಕಿದ ಮಕ್ಕಳು ಚೀಲ ಹಿಡಿದು ಒಂದೊಂದೇ ಡಿಕ್ಕಿಯ ಮುಂದೆ ನಿಂತು ಮಿಠಾಯಿ ಕೇಳುತ್ತಾರೆ. ಕಳಿಸಲೋ ಬೇಡವೋ? ಮಸೀದಿಯಲ್ಲಿ ಬೇಡವೆಂದಿದ್ದಾರೆ. ಅದು ಕ್ರೈಸ್ತರ ಸಂತರ ದಿನದ ಹಿಂದಿನ ರಾತ್ರಿ, ದೆವ್ವ ಭೂತದ ವೇಷ, ನಮಗೇಕೆ ಎಂದು. ಆ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಫತ್ವಾ ಕೊಡುವ ಯೋಗ್ಯತೆಯೂ ನಮಗಿಲ್ಲ. ನಿನ್ನ ಬೀದಿಯಲ್ಲಿ ಎಷ್ಟು ಮನೆಯವರ ಹೆಸರು ಗೊತ್ತು ಎಂದು ಮಾತ್ರ ಕೇಳಿದೆವು. ಮೂರು ವರ್ಷದಿಂದ ಇದ್ದಾಳೆ. ಎರಡು ಎಂದಳು. ಹಾಗಾದರೆ ದೆವ್ವ ಬೇಡ, ಬೇರೇನಾದರೂ ಮಾಡಿ ಕಳಿಸು, ನೀನೂ ಜೊತೆಗೆ ಹೋಗಿ ನಿಲ್ಲು ಎಂದೆವು. ಮಿಠಾಯಿಯಲ್ಲಿ ಜೆಲಾಟಿನ್ ಇದೆಯೋ ಎಂದು ಒಂದೊಂದೇ ಪೊಟ್ಟಣ ತಿರುವಿ ಓದುವುದು ಅವಳಿಗೆ ಹೇಗೂ ರೂಢಿ. ಸಕ್ಕರೆ ಆರತಿಯಲ್ಲಿ ಆ ತಾಪತ್ರಯವಿರಲಿಲ್ಲ.

ಅವಳು ಮಗಳನ್ನು ಹುಲಿ ಮಾಡಿದಳು. ಅಂಗಡಿಯ ವೇಷವಲ್ಲ. ಹಳದಿ ಬಟ್ಟೆಗೆ ಕೈಯಾರೆ ಕರಿ ಪಟ್ಟೆ ಎಳೆದು, ಸೊಂಟಕ್ಕೆ ಬಾಲ ಕಟ್ಟಿ, ಮೂಗಿನ ಮೇಲೆ ಮೂರು ಗೆರೆ, ನಮ್ಮ ಓಣಿಯ ಮೊಹರಂ ಹುಲಿಗೆ ಇರುತ್ತಿದ್ದಂತೆಯೇ. ಹೇಗೆ ಹೆಜ್ಜೆ ಹಾಕಬೇಕೆಂದೂ ಹೇಳಿಕೊಟ್ಟಿದ್ದಳು. ಮೊದಲನೆಯ ಡಿಕ್ಕಿಯ ಮುಂದೆ ಹುಡುಗಿ ಎರಡು ಹೆಜ್ಜೆ ಕುಣಿದು ಚೀಲ ಚಾಚಿದಳಂತೆ. ಅಲ್ಲಿದ್ದ ಮುದುಕ ಟೈಗರ್ಸ್ ತಂಡದ ಟೋಪಿ ತೆಗೆದು ಎದೆಗೊತ್ತಿಕೊಂಡು, ಸೋತ ಮೇಲೂ ನಿಷ್ಠೆ ಬಿಟ್ಟಿಲ್ಲವಲ್ಲ ಮಗೂ ಎಂದು ಎರಡು ಹಿಡಿ ಹಾಕಿದನಂತೆ. ಆಮೇಲೆ ಹೆಸರು ಕೇಳಿದನಂತೆ. ನಮ್ಮ ಮನೆಯಿಂದ ನಾಲ್ಕನೆಯದೇ ಅವನ ಮನೆ ಎಂದಳು ತಂಗಿ.