ಗೋಣಿಕೊಪ್ಪದ ನೀಲಿ ಬೆಳಕು

ಫೆಬ್ರುವರಿ ಬಂತೆಂದರೆ ದಕ್ಷಿಣ ಕೊಡಗಿನ ದಾರಿಗಳಲ್ಲಿ ಏಣಿಗಳ ಓಡಾಟ ಶುರು. ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಕಾಳುಮೆಣಸಿನ ಸರದಿ. ಸಿಲ್ವರ್ ಓಕ್ ಮರಗಳನ್ನು ತಬ್ಬಿ ಮೇಲೇರಿದ ಬಳ್ಳಿಗಳಿಂದ ಮೆಣಸು ಬಿಡಿಸಲು ಉದ್ದದ ಏಣಿಯೇ ಬೇಕು. ಹಿಂದೆ ಬಿದಿರಿನದು, ಈಗ ಹಗುರವಾದ ಅಲ್ಯುಮಿನಿಯಂನದು.

ಗೋಣಿಕೊಪ್ಪದ ವೆಲ್ಡಿಂಗ್ ಶಾಪಿಗೆ ನಾವು ಹೋದದ್ದೂ ಅಂಥದೊಂದು ಏಣಿಯ ಜೊತೆಗೇ. ಅತ್ತೆಯ ತೋಟದ ಏಣಿಯ ಕಾಲು ಬಿರುಕು ಬಿಟ್ಟಿತ್ತು. ಮನೆಯ ಸ್ಟೀಲ್ ತೊಟ್ಟಿಯೂ ಸೋರುತ್ತಿತ್ತು. ಆರನೇ ತರಗತಿಯ ಮಗಳೂ ಜೀಪು ಹತ್ತಿದ್ದಳು.

"ಆರ್ಗಾನ್ ವೆಲ್ಡಿಂಗ್ ಮಾಡ್ತೀರಾ ಅಣ್ಣಾ?" ಎಂದೆ. ಟಿಗ್ ವೆಲ್ಡಿಂಗಿಗೆ ಪೇಟೆಯಲ್ಲಿರುವ ಹೆಸರು ಅದೇ. ಇದರಲ್ಲಿ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಜ್ವಾಲೆ ಹೊರಡುತ್ತದೆ. ಟಂಗ್‌ಸ್ಟನ್ ಕರಗಲು 3,422 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸುತ್ತಲೂ ಹರಿಯುವ ಆರ್ಗಾನ್ ಅನಿಲ, ಕಾದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಅದಕ್ಕೇ ಅವರು ಮೊದಲು ಫ್ಯಾನ್ ಆರಿಸಿದರು. ಬಾಗಿಲು ಮಾತ್ರ ತೆರೆದೇ ಇತ್ತು. ಆರ್ಗಾನ್ ಗಾಳಿಗಿಂತ ಭಾರ; ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಉಸಿರು ಕಟ್ಟುತ್ತದೆ.

ತೊಟ್ಟಿಯ ತಗಡು ಒಂದೂವರೆ ಮಿಲಿಮೀಟರ್ ದಪ್ಪವಿತ್ತು. ಗುಂಡಿ ತಿರುಗಿಸಿ 50 ಆಂಪಿಯರ್‌ಗೆ ನಿಲ್ಲಿಸಿದರು. "ಕರೆಂಟ್ ಜಾಸ್ತಿಯಾದ್ರೆ ತೂತು, ಕಮ್ಮಿಯಾದ್ರೆ ಮೇಲೆ ಮೇಲೆ ಅಂಟುತ್ತೆ ಅಷ್ಟೇ" ಎನ್ನುತ್ತಾ, ಅದೇ ದಪ್ಪದ ಚೂರೊಂದರ ಮೇಲೆ ಮೊದಲು ಪರೀಕ್ಷಿಸಿದರು.

"ಇಲ್ಲಿ ಎಸಿ, ಡಿಸಿ ಅಂತ ಬರೆದಿದೆಯಲ್ಲಾ ಮಾಮಾ?"

"ಸ್ಟೀಲಿಗೆ ಡಿಸಿ, ಅಲ್ಯುಮಿನಿಯಂಗೆ ಎಸಿ ಪುಟ್ಟೀ."

ಅಲ್ಯುಮಿನಿಯಂ 660 ಡಿಗ್ರಿಗೇ ಕರಗಿದರೂ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಕರೆಂಟು ಆ ಪೊರೆಯನ್ನು ಒಡೆದು ಚೊಕ್ಕಟ ಮಾಡುತ್ತದೆ.

ಒಣಗಿದ ಚರ್ಮದ ಗ್ಲೌಸ್, ಬೂಟು, ಕಪ್ಪು ಗಾಜಿನ ಹೆಲ್ಮೆಟ್ ಹಾಕಿಕೊಂಡು, ಅರ್ಥ್ ಕ್ಲಾಂಪನ್ನು ತೊಟ್ಟಿಗೆ ಬಿಗಿಯಾಗಿ ಕಚ್ಚಿಸಿದರು. ನಮ್ಮಿಬ್ಬರನ್ನೂ ಪರದೆಯ ಆಚೆ ಕಳಿಸಿದರು. ಆ ಬೆಳಕಿನ ನೇರಳಾತೀತ ಕಿರಣ ಬರಿಗಣ್ಣಿಗೆ ಬಿದ್ದರೆ, ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಎರಚಿದಂಥ ಉರಿ. ನಮಗೆ ಕಂಡದ್ದು ಚಾವಣಿಯ ಮೇಲೆ ಮಿನುಗಿದ ನೀಲಿ ಛಾಯೆ ಮಾತ್ರ. ಜ್ವಾಲೆ ಆರಿದ ಮೇಲೂ ಅನಿಲ ಕೆಲವು ಕ್ಷಣ ಹರಿಯುತ್ತಿತ್ತು. ಬಿಸಿ ಬೆಸುಗೆ ಆರುವವರೆಗೂ ಅದಕ್ಕೆ ಕಾವಲು ಬೇಕು. ಬಂದು ನೋಡಿದರೆ ಸಣ್ಣ ನಾಣ್ಯಗಳನ್ನು ಸಾಲಾಗಿ ಒರಗಿಸಿಟ್ಟಂತಿತ್ತು.

ಏಣಿಯನ್ನು ಮಾತ್ರ ಅವರು ಮುಟ್ಟಲಿಲ್ಲ.

"ಸೆಟ್ಟಿಂಗ್ ಎಷ್ಟೇ ಸರಿ ಇಟ್ರೂ ಬೆಸುಗೆ ಪಕ್ಕದ ಅಲ್ಯುಮಿನಿಯಂ ಕಾದು ಮೆತ್ತಗಾಗುತ್ತೆ ಅಕ್ಕಾ. ಮೂವತ್ತಡಿ ಮೇಲೆ ಮನುಷ್ಯ ನಿಂತಿರ್ತಾನೆ. ಹೊಸದು ತಗೊಳ್ಳಿ. ಎತ್ತುವಾಗ ಮೇಲೆ ತಂತಿ ಇದೆಯಾ ನೋಡೋಕೆ ಹೇಳಿ."

ಅಲ್ಯುಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಕೊಡಗಿಗೆ ಹೊಸದಲ್ಲ. ಇನ್ಯಾರೂ ಹತ್ತದಿರಲೆಂದು ಹಳೆಯ ಏಣಿಯನ್ನು ಅಲ್ಲೇ ಎರಡು ತುಂಡು ಮಾಡಿಸಿದೆವು.

ಮನೆ ತಲುಪಿದವಳೇ ಮಗಳು ಅಜ್ಜಿಯ ಕೈಹಿಡಿದು ತೋಟಕ್ಕೆ ಹೊರಟಳು. ಸಂಜೆಯ ಹೊತ್ತಿಗೆ, ತಂತಿ ಹಾದುಹೋಗುವ ಸಾಲಿನ ಒಂಬತ್ತು ಮರಗಳಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿ ಬಂದಿದ್ದರು.