ಅರ್ಧಮಾತ್ರೆಯ ಭಾರ

ಗುಂಜಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತರೆ, ಲೋಂಡೆಯಿಂದ ಖಾನಾಪುರದ ಕಡೆಗೆ ಹೋಗುವ ರೈಲಿನ ಸಿಳ್ಳು ಕೇಳಿಸುವುದು. ನಿವೃತ್ತನಾದ ಮಾಸ್ತರನಿಗೆ ಅದೇ ಗಡಿಯಾರ. ಕಳೆದ ಮಳೆಗಾಲದಲ್ಲಿ ಆ ರೈಲಿನಿಂದಿಳಿದು ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಬೆಂಗಳೂರಿನಲ್ಲಿ ಅವನ ಉದ್ಯೋಗ. ಕ್ಷಿಪಣಿಗಳಿಗೆ ದಾರಿ ತೋರಿಸುವ ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಕೆಲಸವಂತೆ.

"ಗುರುಗಳೇ, ಒಂದು ವಿಸರ್ಗ ಬಿಟ್ಟಿದ್ದಕ್ಕ ನೀವು ನನಗ ಛಡಿ ಕೊಟ್ಟಿದ್ರಿ. ಈಗ ಅಂಥಾ ತಪ್ಪು ಹುಡುಕೂದs ನನ್ನ ಉದ್ಯೋಗ ಆಗೇದ ನೋಡ್ರಿ" ಎಂದು ನಕ್ಕನು.

ಯಂತ್ರಕ್ಕೂ ವ್ಯಾಕರಣವುಂಟೇ ಎಂದು ಕೇಳಿದೆನು. ಉಂಟೆಂದೂ, ಆ ಭಾಷೆಗಳ ನಿಯಮಗಳನ್ನು ಬರೆಯುವ ರೀತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ೧೯೬೭ರಲ್ಲಿಯೇ ಅಮೇರಿಕದ ವಿದ್ವಾಂಸನೊಬ್ಬನು ಸೂಚಿಸಿದ್ದನೆಂದೂ ಹೇಳಿದನು. ಪಾಠಶಾಲೆಯಲ್ಲಿ ಸೂತ್ರಗಳನ್ನು ಉರುಹಾಕಿದ ನನಗೆ ಹಿಗ್ಗಾಯಿತೆಂದು ಬೇರೆ ಹೇಳಬೇಕೇ? ಅಮೇರಿಕದ ರಕ್ಷಣಾ ಇಲಾಖೆಯಲ್ಲಿ ನೂರಾರು ಯಂತ್ರಭಾಷೆಗಳು ಬೆಳೆದು ಗೊಂದಲವಾದಾಗ, ಅವುಗಳಿಗೆ ಬದಲಾಗಿ 'ಅಡಾ' ಎಂಬ ಭಾಷೆಯನ್ನು ನಿರ್ಮಿಸಿದರು. ಅದು ಕವಿ ಬೈರನ್ನನ ಮಗಳ ಹೆಸರು. ೧೯೮೩ರ ಸೈನಿಕ ನಿಯಮಾವಳಿಗೆ ಅವಳ ಜನ್ಮವರ್ಷವಾದ ೧೮೧೫ನ್ನೇ ಸಂಖ್ಯೆಯಾಗಿ ಕೊಟ್ಟರು. ಇದು ಕಾಲ, ಇದು ದೂರ ಎಂದು ಮೊದಲೇ ಸಾರಿಟ್ಟರೆ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಲು ಆ ಭಾಷೆಯು ಒಪ್ಪದು. ಬೆಂಗಳೂರಿನಲ್ಲಿ ಸಿದ್ಧವಾಗಿ ೨೦೦೧ರ ಜನವರಿ ೪ರಂದು ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನವನ್ನು ಹತೋಟಿಯಲ್ಲಿಡುವ ಆಜ್ಞೆಗಳೂ ಅಡಾ ಭಾಷೆಯವೇ.

ಬಳಿಕ ಅವನು ಹೇಳಿದ ಸಂಗತಿಯಿಂದ ನನ್ನ ಹಿಗ್ಗು ಇಳಿಯಿತು. ೧೯೯೧ರ ಫೆಬ್ರವರಿ ೨೫ರಂದು, ಸೌದಿ ಅರೇಬಿಯದ ಧಹರಾನದಲ್ಲಿ, ಶತ್ರುಕ್ಷಿಪಣಿಯನ್ನು ತಡೆಯಬೇಕಾಗಿದ್ದ ಪೇಟ್ರಿಯಟ್ ಎಂಬ ಅಸ್ತ್ರವು ಸುಮ್ಮನಿದ್ದುಬಿಟ್ಟಿತು. ಅದರ ಗಣಕವು ಕಾಲವನ್ನು ಸೆಕೆಂಡಿನ ಹತ್ತನೆಯ ಒಂದಂಶದಿಂದ ಎಣಿಸುತ್ತಿತ್ತು. ಮೂರರಲ್ಲಿ ಒಂದಂಶವನ್ನು ದಶಾಂಶದಲ್ಲಿ ಬರೆಯಹೋದರೆ ಹೇಗೆ ಮುಗಿಯದೋ, ಒಂದು ಸೊನ್ನೆಗಳೆರಡನ್ನೇ ಬಲ್ಲ ಯಂತ್ರಕ್ಕೆ ಹತ್ತರಲ್ಲಿ ಒಂದಂಶವೂ ಹಾಗೆಯೇ ಮುಗಿಯದು. ೨೪ ಸ್ಥಾನಗಳಿಗೆ ಕತ್ತರಿಸಿದರು, ಬಾಲವು ಉದುರಿತು. ಯಂತ್ರವನ್ನು ನಿಲ್ಲಿಸದೆ ಸುಮಾರು ನೂರು ಗಂಟೆ ನಡೆಸಿದ್ದರಿಂದ ಆ ಉದುರಿದ ಚೂರುಗಳೆಲ್ಲ ಕೂಡಿ ಸೆಕೆಂಡಿನ ಮೂರನೆಯ ಒಂದಂಶದಷ್ಟಾದವು. ಅಷ್ಟರಲ್ಲಿ ಬರುವ ಕ್ಷಿಪಣಿಯು ಅರ್ಧ ಕಿಲೋಮೀಟರನ್ನು ದಾಟುವುದು. ಗಣಕವು ಇಲ್ಲದೆಡೆಯಲ್ಲಿ ನೋಡಿತು. ಸೈನಿಕರ ವಸತಿಯಲ್ಲಿ ೨೮ ಮಂದಿ ಮಡಿದರು. ತಿದ್ದಿದ ಆಜ್ಞೆಗಳು ಅಲ್ಲಿಗೆ ಮುಟ್ಟಿದ್ದು ಮರುದಿನ.

ತ್ವಷ್ಟೃವಿನ ಕಥೆ ನೆನಪಾಯಿತು. ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ಯಜ್ಞ ಮಾಡಿದನು. 'ಇಂದ್ರಶತ್ರು' ಎಂಬ ಪದದಲ್ಲಿ ಕೊನೆಗಿರಬೇಕಾದ ಉದಾತ್ತವನ್ನು ಮೊದಲಿಗೆ ಉಚ್ಚರಿಸಿದ್ದರಿಂದ ತತ್ಪುರುಷವು ಬಹುವ್ರೀಹಿಯಾಗಿ, 'ಇಂದ್ರನೇ ಯಾರಿಗೆ ಕೊಲ್ಲುವವನೋ ಅವನು' ಎಂದು ಅರ್ಥವಾಯಿತು, ವೃತ್ರನು ಸತ್ತನು. ಈ ಕಥೆಯನ್ನು ಎಷ್ಟೋ ವರ್ಷ ಮಕ್ಕಳನ್ನು ಹೆದರಿಸಲಿಕ್ಕೆ ಹೇಳಿರುವೆನು. ಈಗ ನಾನೇ ಹೆದರಿದೆನು.

ನನ್ನ ಕೈಯಲ್ಲಿ ಓದಿದವರಲ್ಲಿ ಸೈನ್ಯಕ್ಕೆ ಸೇರಿದವರೂ ಇರುವರು. ಅವರೂ ಇಂಥ ವಸತಿಗಳಲ್ಲಿಯೇ ಮಲಗುವರು. ಅವರಿಗಾಗಿ ಇವನ ಲೆಕ್ಕವು ತಪ್ಪಬಾರದು. ಆದರೆ ತಪ್ಪದ ಅಸ್ತ್ರವು ಹೋಗಿ ಬೀಳುವುದೆಲ್ಲಿ? ಅಲ್ಲಿಯೂ ಯಾರೋ ಒಬ್ಬ ಮಾಸ್ತರನ ಶಿಷ್ಯರಿರುವರು. ತ್ವಷ್ಟೃವಿನ ಸ್ವರವು ಶುದ್ಧವಾಗಿದ್ದರೂ ಒಂದು ಕೊಲೆ ಆಗಿಯೇ ಆಗುತ್ತಿತ್ತು. ಇದನ್ನು ಶಿಷ್ಯನಿಗೆ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ನನಗೂ ನಿದ್ದಿ ಬರಂಗಿಲ್ರಿ, ಗುರುಗಳೇ" ಎಂದನು.

ವ್ಯಾಕರಣವು ಶುದ್ಧಾಶುದ್ಧಗಳನ್ನು ತಿಳಿಸೀತು, ಧರ್ಮಾಧರ್ಮಗಳನ್ನು ತಿಳಿಸಲಾರದು. ನಾನು ಕಲಿಸಿದ್ದು ಮೊದಲನೆಯದು ಮಾತ್ರವೇ ಎಂಬ ವ್ಯಥೆ ಈ ವಯಸ್ಸಿನಲ್ಲಿ ಉಂಟಾಗಿದೆ.

ರೈಲಿನ ಹೊತ್ತಾಯಿತು. ಅವನು ಕಾಲಿಗೆರಗಿದನು. ವಿಜಯಿಯಾಗೆಂದು ಹರಸಲು ಬಾಯಿ ಬರಲಿಲ್ಲ. ಪರೀಕ್ಷೆಯ ದಿನ ಹೇಳುತ್ತಿದ್ದುದನ್ನೇ ಹೇಳಿದೆನು: "ಬರದದ್ದನ್ನ ಎರಡು ಸಲ ಓದಿ ನೋಡಪಾ."